ಮನೆಯ ಕಡಲತೊಟ್ಟಿಗೆ ಅಲೆಯಂತ್ರ: ಅದರ ಆಯ್ಕೆ ಮತ್ತು ಪರೀಕ್ಷೆ

ನಮ್ಮ ದೊಡ್ಡಬೆಳವಂಗಲವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬಯಲುಸೀಮೆಯಲ್ಲಿರುವುದು. ಪಡುವಣ ಕಡಲಾಗಲಿ ಮೂಡಣ ಕಡಲಾಗಲಿ ಇಲ್ಲಿಂದ 250 ಕಿಲೋಮೀಟರಿಗಿಂತಲೂ ಹೆಚ್ಚು ದೂರ. ರಾಗಿಯ ಹೊಲಗಳ ನಡುವೆ ಬೆಳೆದವರಾದ ನಾವು ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು ಅದರಲ್ಲಿ ಕಡಲಿನ ಜೀವಿಗಳನ್ನು ಸಾಕುತ್ತಿದ್ದೇವೆಂದರೆ ಕೇಳಿದವರು ಮೊದಲು ನಗುವರು. ಬಳಿಕ ನೋಡಲು ಬರುವರು. ನೋಡಿದ ಮೇಲೆ ಬಹುಮಟ್ಟಿಗೆ ಎಲ್ಲರೂ ಒಂದೇ ಪ್ರಶ್ನೆಯನ್ನು ಕೇಳುವರು. "ಈ ನೀರು ಸದಾ ಹೀಗೆ ಅಲುಗಾಡುವುದೇಕೆ? ಅಲುಗಾಡಿಸುವ ಯಂತ್ರವಾವುದು?" ಎಂಬುದೇ ಆ ಪ್ರಶ್ನೆ. ಇದಕ್ಕೆ ನಿಂತ ಕಾಲಿನಲ್ಲಿ ಉತ್ತರ ಹೇಳುವುದು ಕಷ್ಟವಾದುದರಿಂದಲೂ, ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ತಾವೂ ಇಂತಹ ತೊಟ್ಟಿಯನ್ನಿಡಬೇಕೆಂದು ಆಸೆಪಟ್ಟಿರುವುದರಿಂದಲೂ, ನಾವು ಓದಿ ತಿಳಿದುದನ್ನೂ ತಪ್ಪಿ ಕಲಿತುದನ್ನೂ ಈ ಸಂಚಿಕೆಯಲ್ಲಿ ಕ್ರಮವಾಗಿ ವಿವರಿಸಲು ಉದ್ಯುಕ್ತರಾಗಿದ್ದೇವೆ.

ಅಲೆ ಏಕೆ ಬೇಕು?

ಹಸುವಿಗೆ ಹಸಿವಾದರೆ ಹುಲ್ಲಿರುವಲ್ಲಿಗೆ ನಡೆದು ಹೋಗುವುದು. ಹವಳದ ದಿಬ್ಬದಲ್ಲಿ ವಾಸಿಸುವ ಜೀವಿಗಳಲ್ಲಿ ಅನೇಕವು ಹಾಗಲ್ಲ. ಅವು ಬಂಡೆಗೆ ಅಂಟಿಕೊಂಡಿರುವ ಪ್ರಾಣಿಗಳು. ಆಹಾರವಾಗಲಿ ಪ್ರಾಣವಾಯುವಾಗಲಿ ಅವುಗಳ ಬಳಿಗೆ ತಾನೇ ಬರಬೇಕು. ಅವುಗಳ ಮೈಯಿಂದ ಹೊರಟ ಮಲಿನವನ್ನು ಬೇರೊಬ್ಬರು ಒಯ್ಯಬೇಕು. ಕಡಲಿನಲ್ಲಿ ಈ ಎರಡು ಸೇವೆಗಳನ್ನೂ ಅಲೆಯೇ ಮಾಡುವುದು. ನಮ್ಮ ಕರ್ನಾಟಕದ ತೀರದಲ್ಲಿ ಮುರ್ಡೇಶ್ವರಕ್ಕೆ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದೆ. ಅದರ ಸುತ್ತಲಿನ ನೀರಿನಲ್ಲಿ ಹವಳದ ಜೀವಿಗಳುಂಟು. ಅಲ್ಲಿ ನೀರು ಒಂದು ಕ್ಷಣ ಮುಂದಕ್ಕೆ, ಮರುಕ್ಷಣ ಹಿಂದಕ್ಕೆ, ಹೀಗೆ ಹಗಲಿರುಳು ತೂಗುತ್ತಲೇ ಇರುವುದು. ನದಿಯಂತೆ ಒಂದೇ ದಿಕ್ಕಿಗೆ ಹರಿಯುವುದಲ್ಲ, ತೊಟ್ಟಿಲಿನಂತೆ ತೂಗುವುದು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಯಂತ್ರವನ್ನಾರಿಸುವಾಗ ಇದು ಬಹಳ ಮುಖ್ಯವಾಗುವುದು.

ನಿಂತ ನೀರಿನಲ್ಲಿ ಪ್ರತಿಯೊಂದು ಜೀವಿಯ ಮೈಗೂ ತಗಲಿಕೊಂಡಂತೆ ತೆಳುವಾದ ಜಲಪೊರೆಯೊಂದು ನಿಶ್ಚಲವಾಗಿ ನಿಲ್ಲುವುದು. ಅದರಲ್ಲಿರುವ ಪ್ರಾಣವಾಯುವನ್ನು ಜೀವಿಯು ಬೇಗನೆ ತೀರಿಸಿಬಿಡುವುದು. ಹೊಸದು ಮೆಲ್ಲಮೆಲ್ಲನೆ ಒಳಸೇರುವುದು. ನೀರಿಗೆ ಚಲನೆ ಹೆಚ್ಚಿದಷ್ಟೂ ಈ ಪೊರೆ ತೆಳುವಾಗುವುದು, ಜೀವಿಯ ಉಸಿರಾಟವು ಸುಲಭವಾಗುವುದು. ಇದಲ್ಲದೆ ಅಲೆಯು ನೀರಿನ ಮೇಲ್ಮೈಯನ್ನು ಕದಡಿ ಗಾಳಿಯೊಡನೆ ಸೇರಿಸುವುದರಿಂದ ತೊಟ್ಟಿಯೊಳಕ್ಕೆ ಪ್ರಾಣವಾಯುವು ಇಳಿಯುವುದು.

ನಮ್ಮ ಸೀಮೆಯವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಉಪ್ಪುನೀರಿನಲ್ಲಿ ಸಿಹಿನೀರಿನಲ್ಲಿರುವಷ್ಟು ಪ್ರಾಣವಾಯು ಕರಗದು. 26 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, ಕಡಲನೀರು ತೀರಪ್ರದೇಶದಲ್ಲಿ ಸುಮಾರು ಆರೂವರೆ ಮಿಲಿಗ್ರಾಂ ಮಾತ್ರ ಹಿಡಿಯುವುದು. ನಾವಿರುವ ಎತ್ತರದಲ್ಲಿ ವಾಯುಭಾರವೇ ಹತ್ತನೆಯ ಒಂದು ಪಾಲಿನಷ್ಟು ಕಡಿಮೆಯಾದುದರಿಂದ ಅದೂ ಆರರ ಸಮೀಪಕ್ಕೆ ಇಳಿದುಬಿಡುವುದು. ಮಂಗಳೂರಿನಲ್ಲಿ ಸಾಕಾಗುವ ಅಲೆ ದೊಡ್ಡಬೆಳವಂಗಲದಲ್ಲಿ ಸಾಲದೆ ಹೋಗಬಹುದು.

ಮೊದಲನೆಯ ಅಲೆಯಂತ್ರ

ವಿದ್ಯುಚ್ಛಕ್ತಿಯಿಲ್ಲದ ಕಾಲದಲ್ಲಿ ಈ ಕೆಲಸವನ್ನು ಯಾರು ಮಾಡುತ್ತಿದ್ದರೆಂದು ತಿಳಿಯುವುದು ನಮ್ಮ ವಾಚಕಿಯರಿಗೆ ಪ್ರಿಯವಾಗಬಹುದು. 1846ರಲ್ಲಿ ಆನ್ನಾ ಥಿನ್ ಎಂಬ ಆಂಗ್ಲ ಮಹಿಳೆಯು ಟಾರ್ಕಿ ಎಂಬ ಕಡಲೂರಿನಿಂದ ಕಲ್ಲುಹವಳದ ಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ನೀರು ಕೆಡದಂತೆ ಕಾಪಾಡಲು ಅದನ್ನು ದಿನವೂ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುವ ಏರ್ಪಾಡು ಮಾಡಿದಳು. ನಾವು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸುವುದಿಲ್ಲವೆ? ಹಾಗೆಯೇ ಇದೂ. ಆದರೆ ಒಮ್ಮೆಗೆ ಅರ್ಧ ಮುಕ್ಕಾಲು ಗಂಟೆಯ ಈ ದುಡಿತವನ್ನು ಮಾಡಿದವಳು ಆ ಮನೆಯ ಕೆಲಸದ ಹೆಣ್ಣು. ಕಡಲತೊಟ್ಟಿಯ ಮೊದಲನೆಯ ಅಲೆಯಂತ್ರವು ಆ ಹೆಣ್ಣುಮಗಳ ತೋಳುಗಳೇ ಎಂದರೆ ತಪ್ಪಾಗದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವು ತೆರೆದದ್ದು 1853ರಲ್ಲಿ, ಇದಾದ ಏಳು ವರ್ಷಗಳ ಮೇಲೆ.

ಮುಂದೆ ಹವಾಯಿ ದ್ವೀಪದ ವೈಕಿಕಿ ಮತ್ಸ್ಯಾಲಯದಲ್ಲಿ ಬ್ರೂಸ್ ಕಾರ್ಲ್ಸನ್ ಎಂಬುವರು ಸರಳವಾದ ಉಪಾಯವೊಂದನ್ನು ರೂಢಿಗೆ ತಂದರು. ತೊಟ್ಟಿಗಿಂತ ಎತ್ತರದಲ್ಲಿ ಪೀಪಾಯಿಯೊಂದನ್ನಿಟ್ಟು ಸಣ್ಣ ಪಂಪಿನಿಂದ ಅದಕ್ಕೆ ನೀರು ತುಂಬಿಸುವುದು. ನೀರು ಒಂದು ಮಟ್ಟಕ್ಕೆ ಏರಿದೊಡನೆ ಬಾಗಿದ ಕೊಳವೆಯ ಮೂಲಕ ತಾನಾಗಿಯೇ ಒಮ್ಮೆಲೇ ತೊಟ್ಟಿಗೆ ಧುಮುಕುವುದು. ಪೀಪಾಯಿ ಬರಿದಾದ ಮೇಲೆ ಮತ್ತೆ ತುಂಬತೊಡಗುವುದು. ಇದಕ್ಕೆ ಕಾರ್ಲ್ಸನ್ನರ ಹೆಸರೇ ನಿಂತಿದೆ. ಅಲೆಯು ಉತ್ತಮವಾದರೂ ಸದ್ದೂ ಸಿಡಿಯುವ ಉಪ್ಪುನೀರೂ ಹೆಚ್ಚಾದುದರಿಂದ ಪಡಸಾಲೆಗೆ ಇದು ಒಗ್ಗದು.

ಪಂಪುಗಳ ಜಾತಿಗಳು

ಇಂದು ಅಂಗಡಿಗಳಲ್ಲಿ ದೊರೆಯುವ ಅಲೆಯಂತ್ರಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸಣ್ಣ ಬಾಯಿಯಿಂದ ನೀರನ್ನು ರಭಸವಾಗಿ ಚಿಮ್ಮಿಸುವ ಹಳೆಯ ಬಗೆಯ ಪಂಪು. ಎರಡನೆಯದು ಹಡಗಿನ ಹಿಂಬದಿಯಲ್ಲಿರುವಂತಹ ತಿರುಗುವ ರೆಕ್ಕೆಯಿಂದ ನೀರನ್ನು ಅಗಲವಾಗಿ ತಳ್ಳುವ ಪಂಪು. 1960ರಲ್ಲಿ ಜರ್ಮನಿಯಲ್ಲಿ ಸ್ಥಾಪಿತವಾದ ಟುಂಟ್ಸೆ ಎಂಬ ಸಂಸ್ಥೆಯು ಈ ಬಗೆಯ ಪಂಪುಗಳಿಗೆ ಹೆಸರಾದುದು. ಅಮೆರಿಕದ ವೋರ್ಟೆಕ್ ಎಂಬ ಪಂಪೂ ಇದೇ ಜಾತಿಯದು. ಆದರೆ ಅದರ ಮೋಟಾರು ಗಾಜಿನ ಹೊರಗಡೆ ಇದ್ದು, ಒಳಗಿನ ರೆಕ್ಕೆಯನ್ನು ಅಯಸ್ಕಾಂತದ ಶಕ್ತಿಯಿಂದ ಗಾಜಿನ ಮೂಲಕವೇ ತಿರುಗಿಸುವುದು. ಮೂರನೆಯದು ಉದ್ದನೆಯ ಉರುಳೆಯು ತಿರುಗಿ ನೀರನ್ನು ಹಾಸಿನಂತೆ ತೆಳ್ಳಗೆ ಅಗಲವಾಗಿ ಹೊರಡಿಸುವ ಪಂಪು. ಇದನ್ನು ಜೈರ್ ಎಂದು ಕರೆಯುವರು. ಚೀನಾ ದೇಶದಲ್ಲಿ ತಯಾರಾಗುವ ಜೆಬಾವೋ ಮುಂತಾದ ಪಂಪುಗಳು ಕಡಿಮೆ ಬೆಲೆಗೆ ಸಿಕ್ಕುವುವು.

ಮೊದಲನೆಯ ಬಗೆಗೂ ಎರಡನೆಯ ಬಗೆಗೂ ಇರುವ ಅಂತರವನ್ನು ಅಡಿಗೆಮನೆಯಲ್ಲಿಯೇ ನೋಡಬಹುದು. ಊದುಕೊಳವೆಯಿಂದ ಒಲೆಯನ್ನೂದಿದರೆ ಗಾಳಿಯು ಒಂದೇ ಕೆಂಡಕ್ಕೆ ತಗಲಿ ಬೂದಿಯನ್ನು ಹಾರಿಸುವುದು. ಬೀಸಣಿಗೆಯಿಂದ ಬೀಸಿದರೆ ಒಲೆಯೆಲ್ಲ ಸಮನಾಗಿ ಉರಿಯುವುದು. ಲೆಕ್ಕ ಹಾಕಿ ನೋಡೋಣ. ಗಂಟೆಗೆ 2000 ಲೀಟರು ನೀರು 2 ಸೆಂಟಿಮೀಟರು ವ್ಯಾಸದ ಬಾಯಿಂದ ಹೊರಟರೆ ಅದರ ವೇಗವು ಸೆಕೆಂಡಿಗೆ ಸುಮಾರು 177 ಸೆಂಟಿಮೀಟರು. ಅಷ್ಟೇ ನೀರು 6 ಸೆಂಟಿಮೀಟರು ವ್ಯಾಸದ ಬಾಯಿಂದ ಹೊರಟರೆ ವೇಗವು ಸುಮಾರು 20 ಸೆಂಟಿಮೀಟರು. ಬಾಯಿ ಮೂರು ಪಟ್ಟು ಅಗಲವಾದರೆ ವೇಗವು ಒಂಬತ್ತನೆಯ ಒಂದು ಪಾಲಿಗೆ ಇಳಿಯುವುದು. ಮೊದಲನೆಯದು ಎದುರಿಗಿರುವ ಮೃದು ಜೀವಿಯ ಮಾಂಸವನ್ನೇ ಹರಿಯಬಲ್ಲುದು. ಎರಡನೆಯದು ಅದನ್ನು ತೂಗುವುದು. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಅಂಕೆಯನ್ನು ಅಚ್ಚು ಹಾಕಿರುವರು! ಆದಕಾರಣ ಅಂಕೆಯೊಂದನ್ನೇ ನಂಬಿ ಕೊಳ್ಳಬಾರದು.

ಎಷ್ಟು ಶಕ್ತಿಯದನ್ನು ಕೊಳ್ಳಬೇಕು?

ನಮ್ಮ ತೊಟ್ಟಿಯು 100 ಸೆಂಟಿಮೀಟರು ಉದ್ದ, 45 ಸೆಂಟಿಮೀಟರು ಅಗಲ. ನೀರಿನ ಆಳ 40 ಸೆಂಟಿಮೀಟರು. ಗುಣಿಸಿದರೆ 180 ಲೀಟರಾಯಿತು. ಲೀಟರಿಗೆ 35 ಗ್ರಾಂ ಮೇರೆಗೆ 6 ಕಿಲೋ 300 ಗ್ರಾಂ ಕಡಲುಪ್ಪಿನ ಮಿಶ್ರಣವನ್ನು ಇದಕ್ಕೆ ಸೇರಿಸಿದೆವು. ಅಡಿಗೆಯ ಉಪ್ಪು ಕೂಡದು. ಕೊಳವೆಬಾವಿಯ ಗಡುಸು ನೀರನ್ನೂ ನೇರವಾಗಿ ಉಪಯೋಗಿಸದೆ ಆರ್‌ಓ ಯಂತ್ರದಲ್ಲಿ ಶೋಧಿಸಿ ಹಾಕುವೆವು.

ಮೃದು ಜೀವಿಗಳ ತೊಟ್ಟಿಗೆ ಅದರ ನೀರಿನ ಹತ್ತರಿಂದ ಇಪ್ಪತ್ತು ಪಟ್ಟು ನೀರು ಗಂಟೆಗೆ ಚಲಿಸಬೇಕೆಂಬುದು ಸಾಕುವವರ ರೂಢಿ. ಕವಲುಕವಲಾದ ಕಲ್ಲುಹವಳಗಳನ್ನು ಸಾಕುವ ದೇಶಗಳಲ್ಲಿ ನಾಲ್ವತ್ತು ಪಟ್ಟಿಗೂ ಮೇಲೆ ಹೋಗುವರು. ನಮ್ಮ ತೊಟ್ಟಿಗೆ ಇಪ್ಪತ್ತು ಪಟ್ಟೆಂದರೆ 3600 ಲೀಟರು. ಇದನ್ನು ಒಂದೇ ದೊಡ್ಡ ಪಂಪಿನಿಂದ ಪಡೆಯುವುದಕ್ಕಿಂತ, ಎರಡು ತುದಿಗಳಲ್ಲಿ ಒಂದೊಂದು ಚಿಕ್ಕ ಪಂಪನ್ನಿಟ್ಟು ಸರದಿಯ ಮೇಲೆ ನಡೆಸುವುದು ಮೇಲು. ಅದಕ್ಕೆ ಎರಡು ಕಾರಣಗಳುಂಟು. ಮೊದಲು ಹೇಳಿದ ತೊಟ್ಟಿಲಿನ ತೂಗಾಟವು ಇದರಿಂದ ದೊರೆಯುವುದು. ಒಂದು ಕೆಟ್ಟರೂ ಇನ್ನೊಂದಿರುವುದು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳದೆ ಮುಂದೆ ಹೋಗಲಾಗದು. ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲಬೀಸಣಿಗೆ ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಸೇರಿವೆ. ಅವುಗಳನ್ನು ನಮ್ಮ ಕಡಲಿನಿಂದ ಕಿತ್ತು ತರುವುದೂ ಮಾರುವುದೂ ಅಪರಾಧ. ಅಂಗಡಿಯವನು ಹೊಂಚಿ ಕೊಟ್ಟರೂ ಕೊಳ್ಳಬಾರದು. ಆದುದರಿಂದ ನಮ್ಮ ತೊಟ್ಟಿಯಲ್ಲಿ ಕೃತಕವಾದ ಬಂಡೆಗಳೂ, ಸೀ ಅನಿಮೋನಿ ಎಂದು ಕರೆಯಲ್ಪಡುವ ಕಡಲಕುಸುಮವೂ, ಸಾಕಣೆಯಲ್ಲಿಯೇ ಮೊಟ್ಟೆಯೊಡೆದು ಬೆಳೆದ ಕ್ಲೌನ್ ಮೀನುಗಳೂ ಮಾತ್ರ ಇರುವುವು. ಈ ಮೀನನ್ನು ಸಾಕಣೆಯಲ್ಲಿ ಮರಿಮಾಡಿಸುವ ವಿದ್ಯೆಯನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದೆ.

ನಮ್ಮ ತಪ್ಪು

ಈಗ ನಮ್ಮದೇ ಅಜಾಗರೂಕತೆಯ ಸಂಗತಿಯನ್ನು ಮರೆಮಾಚದೆ ಹೇಳುವೆವು. ತೊಟ್ಟಿಯನ್ನಿಟ್ಟ ಮೊದಲನೆಯ ವರ್ಷ, ಬೇಸಗೆಯ ಒಂದು ಸಂಜೆ ಗುಡುಗುಮಳೆ ಬಂದು ವಿದ್ಯುತ್ತು ನಿಂತಿತು. ನಡುರಾತ್ರಿಗೆ ಮರಳಿತು. ದೀಪ ಹತ್ತಿದುದನ್ನು ಕಂಡು ನಾವು ನಿಶ್ಚಿಂತೆಯಿಂದ ಮಲಗಿದೆವು. ಬೆಳಗ್ಗೆ ನೋಡಿದರೆ ಎರಡು ಮೀನುಗಳಲ್ಲಿ ಒಂದು ಸತ್ತು ತಳದಲ್ಲಿ ಬಿದ್ದಿತ್ತು, ಇನ್ನೊಂದು ಮೇಲ್ಮೈಯಲ್ಲಿ ಬಾಯಿ ತೆರೆದು ಮುಚ್ಚಿ ತೇಕುತ್ತಿತ್ತು, ಕಡಲಕುಸುಮವು ಮುದುಡಿಹೋಗಿತ್ತು. ಪರಿಶೀಲಿಸಲಾಗಿ, ಆಗ ನಮ್ಮಲ್ಲಿದ್ದ ಒಂದೇ ಪಂಪು ವಿದ್ಯುತ್ತು ಮರಳಿ ಬಂದರೂ ತಿರುಗದೆ, ಗುಂಯ್ ಎಂದು ಸದ್ದು ಮಾಡುತ್ತ ನಿಂತಿತ್ತು. ನಾಲ್ಕು ತಿಂಗಳಿಂದ ಅದನ್ನು ನಾವು ಬಿಚ್ಚಿ ತೊಳೆದಿರಲಿಲ್ಲ. ಅಯಸ್ಕಾಂತದ ಉರುಳೆಯ ಮೇಲೆ ಸುಣ್ಣ ಕಟ್ಟಿತ್ತು. ನಡೆಯುತ್ತಿರುವಾಗ ಅದು ಹೇಗೋ ತಿರುಗುತ್ತಿದ್ದಿತು; ಒಮ್ಮೆ ನಿಂತಮೇಲೆ ಮತ್ತೆ ಹೊರಡುವ ಬಲ ಅದಕ್ಕಿರಲಿಲ್ಲ.

ಪಂಪಿನ ದೋಷವೇನೂ ಇರಲಿಲ್ಲ, ದೋಷ ನಮ್ಮದು. ಮಾತಿಲ್ಲದ ಜೀವಿಯೊಂದನ್ನು ಅದರ ಕಡಲಿನಿಂದ ದೂರ ತಂದು ನಮ್ಮ ಯಂತ್ರದ ಮೇಲೆ ಅದರ ಉಸಿರನ್ನು ನಿಲ್ಲಿಸಿದವರು ಆ ಯಂತ್ರವನ್ನು ಪರೀಕ್ಷಿಸಬೇಕಾಗಿತ್ತು. ಮುಂದೆ ಹೇಳುವ ಪರೀಕ್ಷೆಗಳೆಲ್ಲವೂ ಆ ಬೆಳಗ್ಗೆಯಿಂದ ಹುಟ್ಟಿದುವು.

ಪರೀಕ್ಷೆಗಳು

ಹೊಸ ಪಂಪನ್ನು ಕೊಂಡೊಡನೆ ತೊಟ್ಟಿಗೆ ಇಳಿಸದೆ, ಉಪ್ಪುನೀರು ತುಂಬಿದ ಬಕೆಟ್ಟಿನಲ್ಲಿ ಒಂದು ದಿನ ನಡೆಸಿ ನೋಡತಕ್ಕದ್ದು. ಬಳಿಕ ಕೆಳಗಿನ ಪರೀಕ್ಷೆಗಳನ್ನು ಮಾಡಬೇಕು.

(1) ಮರುಚಾಲನೆಯ ಪರೀಕ್ಷೆ. ಸ್ವಿಚ್ಚನ್ನು ಇಪ್ಪತ್ತು ಸಲ ಆರಿಸಿ ಹಾಕಬೇಕು. ನಡುನಡುವೆ ಅರ್ಧ ನಿಮಿಷ ತಡೆಯಬೇಕು. ಇಪ್ಪತ್ತು ಸಲವೂ ತಪ್ಪದೆ ಹೊರಟರೆ ಪಂಪು ಯೋಗ್ಯವಾದುದು. ಒಂದು ಸಲ ತಡವರಿಸಿದರೂ ಬಿಚ್ಚಿ ನೋಡಬೇಕು. ಆಮೇಲೂ ತಡವರಿಸಿದರೆ ಅಂಗಡಿಗೆ ಹಿಂದಿರುಗಿಸಬೇಕು. ತಿಂಗಳಿಗೊಮ್ಮೆ ಈ ಪರೀಕ್ಷೆಯನ್ನು ಮತ್ತೆ ಮಾಡುವುದು ಒಳ್ಳೆಯದು.

(2) ವೇಗದ ಪರೀಕ್ಷೆ. ತೊಟ್ಟಿಯ ಹೊರಗಾಜಿನ ಮೇಲೆ 30 ಸೆಂಟಿಮೀಟರು ಅಂತರದಲ್ಲಿ ಎರಡು ಗುರುತುಗಳನ್ನು ಮಾಡಿ, ಮೀನಿನ ಆಹಾರದ ಸಣ್ಣ ಕಣವು ಒಂದರಿಂದ ಇನ್ನೊಂದಕ್ಕೆ ತೇಲಿಹೋಗಲು ಎಷ್ಟು ಸೆಕೆಂಡು ಹಿಡಿಯುವುದೆಂದು ಗಡಿಯಾರದಿಂದ ಅಳೆಯಬೇಕು. ಮೂರು ಸೆಕೆಂಡಾದರೆ ವೇಗವು ಸೆಕೆಂಡಿಗೆ 10 ಸೆಂಟಿಮೀಟರು. ಮೇಲೆ, ನಡುವೆ, ತಳದಲ್ಲಿ, ಬಂಡೆಯ ಹಿಂದೆ, ಹೀಗೆ ನಾಲ್ಕೆಡೆಗಳಲ್ಲಿ ಐದೈದು ಸಲ ಅಳೆದು ಸರಾಸರಿ ತೆಗೆಯಬೇಕು. ಪೆಟ್ಟಿಗೆಯ ಅಂಕೆಗಿಂತ ಈ ನಾಲ್ಕು ಅಂಕೆಗಳು ಹೆಚ್ಚು ಬೆಲೆಯುಳ್ಳವು. ಕಣಗಳು ಹೋಗಿ ರಾಶಿ ಬೀಳುವ ಮೂಲೆಯೇ ಅಲೆ ಮುಟ್ಟದ ಮೂಲೆ. ಪಂಪಿನ ಮುಖವನ್ನು ಸ್ವಲ್ಪ ತಿರುಗಿಸಿ ಅದನ್ನು ಸರಿಪಡಿಸಬಹುದು.

(3) ಬಕೆಟ್ಟಿನ ಪರೀಕ್ಷೆ. ಕೆಳಗಿನ ಶೋಧಕ ಪೆಟ್ಟಿಗೆಯಿಂದ ನೀರನ್ನು ಮೇಲಕ್ಕೆತ್ತುವ ಪಂಪಿದ್ದರೆ, ಅದರ ಕೊಳವೆಯನ್ನು ತೊಟ್ಟಿಯ ಎತ್ತರದಲ್ಲಿಯೇ ಹಿಡಿದು 10 ಲೀಟರಿನ ಬಕೆಟ್ಟನ್ನು ತುಂಬಿಸಬೇಕು. 20 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1800 ಲೀಟರು. ಪೆಟ್ಟಿಗೆಯ ಮೇಲೆ 3000 ಎಂದಿದ್ದರೂ ಬೆರಗಾಗಬೇಕಾದುದಿಲ್ಲ. ಅದು ನೀರನ್ನು ಮೇಲಕ್ಕೆತ್ತದೆ ಅಳೆದ ಅಂಕೆ. ಬಾವಿಯ ಆಳ ಹೆಚ್ಚಿದಂತೆ ಸೇದುವವಳ ಕೊಡಗಳ ಸಂಖ್ಯೆ ಕಡಿಮೆಯಾಗುವಂತೆಯೇ ಇದೂ ಕಡಿಮೆಯಾಗುವುದು.

(4) ತೂಗಾಟದ ಪರೀಕ್ಷೆ. ಪಂಪುಗಳನ್ನು ತಕ್ಕ ಕಾಲಕ್ಕೆ ಸರಿಯಾಗಿ ನಡೆಸಿ ನಿಲ್ಲಿಸಿದರೆ ತೊಟ್ಟಿಯ ನೀರೆಲ್ಲವೂ ಉಯ್ಯಾಲೆಯಂತೆ ಅತ್ತಿತ್ತ ತೂಗುವುದು. ತುಂಬಿದ ಕೊಡವನ್ನು ಹೊತ್ತು ನಡೆಯುವಾಗ ಒಂದು ಬಗೆಯ ನಡಿಗೆಗೆ ಮಾತ್ರ ನೀರು ತುಳುಕುವುದನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲರು, ಕಾರಣವು ಇದೇ. ನಮ್ಮ ತೊಟ್ಟಿಯ ಉದ್ದಕ್ಕೂ ಆಳಕ್ಕೂ ಲೆಕ್ಕ ಹಾಕಿದರೆ ಒಂದು ಪೂರ್ಣ ತೂಗಾಟಕ್ಕೆ ಸುಮಾರು ಒಂದೂಕಾಲು ಸೆಕೆಂಡು ಬೇಕು. ಪಂಪಿನ ನಿಯಂತ್ರಕವನ್ನು ಈ ಕಾಲಕ್ಕೆ ಹೊಂದಿಸಿದರೆ ಅಲ್ಪ ಶಕ್ತಿಯಿಂದ ದೊಡ್ಡ ಅಲೆ ಏಳುವುದು. ಆದರೆ ಆಗ ಗಾಜಿನ ಕೀಲುಗಳಿಗೂ ಪೀಠಕ್ಕೂ ಶ್ರಮ ಹೆಚ್ಚು. ಪೀಠದ ಮೇಲೆ ಕೈಯಿಟ್ಟು ನೋಡಬೇಕು. ಅದು ಅಲುಗಿದರೆ ಈ ಅಲೆಯನ್ನು ಕೂಡಲೇ ಬಿಟ್ಟುಬಿಡಬೇಕು. ನೀರು ಎರಡು ಸೆಂಟಿಮೀಟರಿಗಿಂತ ಹೆಚ್ಚು ಏರುವುದು ಮನೆಯ ತೊಟ್ಟಿಗೆ ಬೇಕಾದುದಲ್ಲ.

(5) ಸದ್ದಿನ ಪರೀಕ್ಷೆ. ಮಗ್ಗದ ಸದ್ದನ್ನು ಕೇಳಿಯೇ ದೋಷ ಎಲ್ಲಿದೆಯೆಂದು ದೊಡ್ಡಬಳ್ಳಾಪುರದ ನೇಕಾರರು ಹೇಳಬಲ್ಲರು. ಪಂಪಿನ ಸದ್ದನ್ನೂ ಹಾಗೆಯೇ ಅಭ್ಯಾಸ ಮಾಡಬೇಕು. ಒಂದೇ ಸಮನಾದ ಸಣ್ಣ ಗುಂಗು ಆರೋಗ್ಯದ ಗುರುತು. ಕಟಕಟ ಎಂದರೆ ಉರುಳೆ ಸವೆದಿದೆ ಅಥವಾ ಮರಳು ಸೇರಿದೆ. ಸದ್ದು ದಿನದಿನಕ್ಕೆ ದಪ್ಪವಾದರೆ ಸುಣ್ಣ ಕಟ್ಟುತ್ತಿದೆ. ರಾತ್ರಿ ಮನೆ ಮಲಗಿದ ಮೇಲೆ ಕೇಳುವುದು ಉಚಿತ.

(6) ವಿದ್ಯುತ್ತಿನ ವೆಚ್ಚ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರಿನಿಂದ ಅಳೆಯಬಹುದು. ನಮ್ಮ ಎರಡು ಪಂಪುಗಳೂ ಸೇರಿ 16 ವ್ಯಾಟು. ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು ಹನ್ನೊಂದೂವರೆ ಯೂನಿಟ್ಟು. ನೀರಿನೊಳಗಿರುವ ಪಂಪಿನ ಶಕ್ತಿಯು ಕಡೆಗೆ ಉಷ್ಣವಾಗಿ ನೀರನ್ನೇ ಸೇರುವುದರಿಂದ, ಹೆಚ್ಚು ವ್ಯಾಟಿನ ಪಂಪು ಬೇಸಗೆಯಲ್ಲಿ ಎರಡು ಬಗೆಯಿಂದಲೂ ನಷ್ಟಕರ.

(7) ಕ್ಷೇಮದ ಪರೀಕ್ಷೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಿಸುವುದು. ತೊಟ್ಟಿಯ ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಕ ಸಾಧನವನ್ನು ಬಲ್ಲವರಿಂದ ಹಾಕಿಸದೆ ಯಾವ ಪಂಪನ್ನೂ ನಡೆಸಕೂಡದು. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ತಂತಿಯು ಪ್ಲಗ್ಗಿಗಿಂತ ಕೆಳಕ್ಕೆ ಜೋಲಿ ಮತ್ತೆ ಮೇಲೇರುವಂತಿರಬೇಕು. ಹಾಗಿದ್ದರೆ ತಂತಿಯ ಮೇಲೆ ಇಳಿದ ನೀರು ಜೋಲಿನಿಂದ ತೊಟ್ಟಿಕ್ಕುವುದೇ ಹೊರತು ಪ್ಲಗ್ಗನ್ನು ಸೇರದು. ನೀರಿಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಬೇಕು. ಕೈಯಿಟ್ಟು ವಿದ್ಯುತ್ತನ್ನು ಪರೀಕ್ಷಿಸುವ ದುಸ್ಸಾಹಸವನ್ನು ಯಾರೂ ಮಾಡದಿರಲಿ.

(8) ಜಾಲರಿಯ ಪರೀಕ್ಷೆ. ಕಡಲಕುಸುಮವು ಗಿಡದಂತೆ ಕಂಡರೂ ತನಗೆ ಸ್ಥಳ ಹಿಡಿಸದಿದ್ದರೆ ಮೆಲ್ಲನೆ ಜರುಗುವ ಪ್ರಾಣಿ. ರಾತ್ರಿ ಜರುಗುತ್ತ ಪಂಪಿನ ಬಾಯಿಗೆ ಸಿಕ್ಕಿ ಚೂರಾದರೆ ತೊಟ್ಟಿಯ ನೀರೆಲ್ಲವೂ ಕೆಡುವುದು. ಪಂಪಿನ ಹೀರುವ ಬದಿಗೆ ಸ್ಪಂಜನ್ನಾಗಲಿ ಸಣ್ಣ ಕಣ್ಣಿನ ಜಾಲರಿಯನ್ನಾಗಲಿ ಭದ್ರವಾಗಿ ಕಟ್ಟಬೇಕು. ಅದು ಕಟ್ಟಿಕೊಂಡು ಹರಿವನ್ನು ತಡೆಯದಂತೆ ವಾರಕ್ಕೊಮ್ಮೆ ತೊಳೆಯಬೇಕು.

ವಿದ್ಯುತ್ತು ನಿಂತಾಗ

ಹಗಲಿನಲ್ಲಿ ಕಡಲಕುಸುಮದ ಮೈಯೊಳಗಿರುವ ಸೂಕ್ಷ್ಮ ಪಾಚಿಯು ಬೆಳಕಿನಿಂದ ಪ್ರಾಣವಾಯುವನ್ನು ಹೊರಡಿಸುವುದು. ರಾತ್ರಿ ಅದೂ ಉಸಿರಾಡುವುದೇ ಹೊರತು ಕೊಡುವುದಿಲ್ಲ. ಆದುದರಿಂದ ರಾತ್ರಿಯ ಹೊತ್ತು ಪಂಪು ನಿಲ್ಲುವುದೇ ಅತ್ಯಂತ ಅಪಾಯಕರ. ಇದಕ್ಕಾಗಿ 12 ಅಥವಾ 24 ವೋಲ್ಟಿನ ನೇರ ವಿದ್ಯುತ್ತಿನಿಂದ ನಡೆಯುವ ಪಂಪನ್ನಾರಿಸುವುದು ಹಳ್ಳಿಯ ಮನೆಗಳಿಗೆ ವಿವೇಕ. 12 ವೋಲ್ಟಿನ, 7 ಆಂಪಿಯರ್‌ಗಂಟೆಯ ಸೀಸದ ಬ್ಯಾಟರಿಯಲ್ಲಿ 84 ವ್ಯಾಟ್‌ಗಂಟೆಯ ಶಕ್ತಿಯಿರುವುದು. ಬ್ಯಾಟರಿ ಬೇಗ ಕೆಡದಿರಲು ಅರ್ಧವನ್ನು ಮಾತ್ರ ಬಳಸಿದರೂ, 12 ವೋಲ್ಟಿನ ಪಂಪೊಂದನ್ನು ಮೆಲ್ಲಗೆ 5 ವ್ಯಾಟಿನಲ್ಲಿ ಸುಮಾರು ಎಂಟು ಗಂಟೆಗಳ ಕಾಲ ನಡೆಸಬಹುದು. ಒಂದು ರಾತ್ರಿಗೆ ಅದು ಸಾಕು. ಪಂಪಿನ ಮುಖವನ್ನು ಮೇಲ್ಮೈಯ ಕಡೆಗೆ ತಿರುಗಿಸಿಟ್ಟರೆ ಇನ್ನೂ ಒಳ್ಳೆಯದು. ಬ್ಯಾಟರಿಯೂ ಇಲ್ಲದವರು ಚೆಂಬಿನಿಂದ ನೀರನ್ನು ಮೊಗೆದು ಒಂದು ಮೊಳ ಎತ್ತರದಿಂದ ಅದೇ ತೊಟ್ಟಿಗೆ ಹೊಯ್ಯಲಿ. ಗಂಟೆಗೆ ಹತ್ತು ನಿಮಿಷ ಹೀಗೆ ಮಾಡಿದರೂ ಜೀವಿಗಳಿಗೆ ಆಸರೆಯಾಗುವುದು. ಆ ಲಂಡನ್ನಿನ ಕೆಲಸದ ಹೆಣ್ಣು ಮಾಡಿದುದೂ ಇದನ್ನೇ.

ಎರಡು ತಿಂಗಳಿಗೊಮ್ಮೆ ಪಂಪುಗಳನ್ನು ಬಿಚ್ಚಿ, ಬಿಳಿಯ ವಿನೆಗರು ಬೆರೆಸಿದ ನೀರಿನಲ್ಲಿಯಾಗಲಿ ನಿಂಬೆಯುಪ್ಪಿನ ನೀರಿನಲ್ಲಿಯಾಗಲಿ ಒಂದು ಗಂಟೆ ನೆನೆಸಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದಿಡಬೇಕು. ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತಿರಲಿ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡದಿದ್ದರೆ ಮರೆತುಹೋಗುವುದು ಖಂಡಿತ. ನಾವು ಮರೆತವರೇ ಅಲ್ಲವೆ!

ಮುಗಿಸುವ ಮೊದಲು ಒಂದು ಬಿನ್ನಹ. ಇಷ್ಟೆಲ್ಲ ಪರೀಕ್ಷೆಗಳಿಗೆ ಹೊತ್ತಿಲ್ಲದವರು ಕಡಲತೊಟ್ಟಿಯನ್ನಿಡುವ ಆಸೆಯನ್ನು ಸದ್ಯಕ್ಕೆ ಬಿಟ್ಟು ಸಿಹಿನೀರಿನ ಮೀನನ್ನೇ ಸಾಕುವುದು ಲೇಸು. ಅದರಲ್ಲಿ ನಾಚಿಕೆಪಡುವಂತಹದೇನೂ ಇಲ್ಲ. ಇಡುವವರು ಮಾತ್ರ ಮೊದಲು ಪಂಪುಗಳನ್ನೂ ಬ್ಯಾಟರಿಯನ್ನೂ ಕೊಂಡು, ಬರಿಯ ಉಪ್ಪುನೀರಿನಲ್ಲಿ ತಿಂಗಳ ಕಾಲ ನಡೆಸಿ ನೋಡಿ, ಆಮೇಲೆ ಜೀವಿಗಳನ್ನು ತರಲಿ. ನಮ್ಮ ತೊಟ್ಟಿಯಲ್ಲಿ ಅಂದು ಉಳಿದ ಮೀನು ಈಗಲೂ ಆರೋಗ್ಯವಾಗಿದೆ. ಅದಕ್ಕೆ ಜೊತೆಯನ್ನೂ ತಂದಿದ್ದೇವೆ. ನೋಡಬಯಸುವ ವಿದ್ಯಾರ್ಥಿನಿಯರು ಹಿರಿಯರೊಡನೆ ಬಂದರೆ, ಗಡಿಯಾರವನ್ನು ಕೈಗೆ ಕೊಟ್ಟು ಎರಡನೆಯ ಪರೀಕ್ಷೆಯನ್ನು ಅವರಿಂದಲೇ ಮಾಡಿಸುವೆವು.